ಕಿವಿ ಹರಿದ ಹಸು

ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದೆ ನನ್ನ ಜೆರಾಕ್ಸ್ ಅಂಗಡಿ. ಪಕ್ಕದ ಮಹಡಿಯಲ್ಲಿ ಒಂದು ಫೈನಾನ್ಸ್ ಕಂಪನಿ ಇತ್ತು. ಮನೆಯಲ್ಲಿ ಒಂದು ಹಸು ಇದ್ದವರಿಗೆ ಇನ್ನೊಂದು ಕೊಳ್ಳಲು ಸಾಲ ಕೊಡುತ್ತಿದ್ದರು. ನನ್ನ ಗೆಳೆಯ ಗೌಸ್ ಅಲ್ಲಿ ಹದಿಮೂರು ವರ್ಷ ದುಡಿದ. ಸಾಲ ಕೇಳಿದವರ ಮನೆಗೆ ಹೋಗಿ ಹಸು ನೋಡಿ ಫೋಟೋ ತೆಗೆದುಕೊಂಡು ಬಂದು, ಸಾಲ ಕೊಡಬಹುದೋ ಬೇಡವೋ ಎಂದು ಬರೆದುಕೊಡುವುದು ಅವನ ಕೆಲಸ.

ಅವನಪ್ಪ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಗೌಸ್ ಮನುಷ್ಯರ ಹೆಸರು ಮರೆಯುತ್ತಿದ್ದ, ಹಸುವಿನ ಮುಖ ಮರೆಯುತ್ತಿರಲಿಲ್ಲ. ಹಸುವಿಗಿಂತ ಮೊದಲು ಗೂಟ ನೋಡುತ್ತಿದ್ದ. ಗೂಟದ ಮೇಲೆ ಹಗ್ಗ ಸವೆದ ಗುರುತಿಲ್ಲದಿದ್ದರೆ ಹಸು ಎರವಲು ಎಂದೇ ಲೆಕ್ಕ. ‘ಬೇಡ’ ಎಂದು ಅವನು ಬರೆದರೆ ಸಾಲ ಇಲ್ಲ. ನನ್ನ ಭಾವಮೈದನಿಗೂ ಹಾಗೇ ಬರೆದ. ಆರು ತಿಂಗಳು ನಾನು ಅವನ ಹತ್ತಿರ ಮಾತು ಬಿಟ್ಟಿದ್ದೆ.

ಅವನ ಹೆಂಡತಿ ಅಸ್ಗರಿ ಬೇಗಂಗೆ ಎರಡೂ ಮಂಡಿ ಹೋಗಿದ್ದವು. ಬಾಡಿಗೆಗೆ ಇದ್ದದ್ದು ಮಹಡಿ ಮನೆ, ಹದಿನಾಲ್ಕು ಮೆಟ್ಟಿಲು. ಆಕೆ ಕೆಳಗಿಳಿದು ಬೀದಿ ನೋಡಿ ಎರಡು ವರ್ಷವಾಗಿತ್ತು. ಆಪರೇಷನ್ನಿಗೆಂದು ಗೌಸ್ ಸಂಬಳ ಬಂದ ದಿನವೇ ಮೂಲೆಯ ಸಣ್ಣ ಬ್ಯಾಂಕಿಗೆ ಕಟ್ಟುತ್ತಿದ್ದ. ಎಂಟು ವರ್ಷಕ್ಕೆ ನಾಲ್ಕು ಲಕ್ಷ ಸೇರಿತ್ತು.

ಅದು ಪೂರ್ತಿ ಸೇರುವ ಮೊದಲೇ ಕಂಪನಿಯವರು ಹೊಸ ವ್ಯಾಪಾರ ಕಲಿತರು. ಕೊಟ್ಟ ಸಾಲಗಳನ್ನೆಲ್ಲ ಕಂತೆ ಕಟ್ಟಿ ಬೇರೆಯವರಿಗೆ ಮಾರಿಬಿಡುವುದು. ಹಳ್ಳಿಯವರು ಕಟ್ಟುವ ಕಂತು ಕೊಂಡವರಿಗೆ ಹೋಗುತ್ತದೆ. ಕಟ್ಟದಿದ್ದರೆ ನಷ್ಟವೂ ಕೊಂಡವರದೇ. ಕಂಪನಿಗೆ ಮಾರಿದ ದಿನವೇ ಕೈತುಂಬ ಹಣ. ಹಾಗಾದ ಮೇಲೆ ಗೌಸ್ ಬರೆಯುವ ‘ಬೇಡ’ ಯಾರಿಗೆ ಬೇಕು?

ಸಿಂಧಘಟ್ಟದ ಕಡೆ ಒಂದು ವಾರ ಸಾಲ ಕೇಳಿದ್ದ ತಿಮ್ಮಮ್ಮನ ಹಿತ್ತಲಲ್ಲಿ ಕಿವಿ ಹರಿದ ಕಪ್ಪು ಬಿಳುಪಿನ ಹಸು ನೋಡಿದ. ಮುಂದಿನ ವಾರ ಅದೇ ಹಸು ಬೆಟ್ಟಮ್ಮನ ಮನೆಯಲ್ಲಿತ್ತು. ಆಮೇಲೆ ಚೌಡಯ್ಯನ ಮನೆಯಲ್ಲಿ. ಮೂರನೇ ಸಲ ಹಸುವೇ ಗುರುತು ಹಿಡಿದು ಇವನ ಕೈ ನೆಕ್ಕಿತಂತೆ. ಇವನು ಮೂರಕ್ಕೂ ‘ಬೇಡ’ ಬರೆದ. ಮೂರೂ ಮಂಜೂರಾದವು. ಕೇಳಲು ಹೋದರೆ ಮ್ಯಾನೇಜರ್ ರಘುನಂದನ್ ನಕ್ಕು ಕಾಫಿ ತರಿಸಿದರಂತೆ. “ಗೌಸಣ್ಣ, ಇವೆಲ್ಲ ತಿಂಗಳ ಕೊನೆಗೆ ಮಾರೋಗ್ತವೆ. ಮುಳುಗಿದ್ರೆ ತಗೊಂಡೋರ ತಲೆನೋವು.”

ಮುಂದಿನ ತಿಂಗಳು ಫಾರಮ್ಮೇ ಬದಲಾಯಿತು. ಷರಾ ಬರೆಯುವ ಜಾಗ ಮಾಯ. ‘ಮನೆಗೆ ಹೋಗಿ ಹಸು ನೋಡಿದ್ದೇನೆ’ ಎಂಬ ಒಂದೇ ಸಾಲು, ಕೆಳಗೆ ರುಜು. ಅದರ ಎಂಟುನೂರು ಪ್ರತಿ ತೆಗೆದುಕೊಟ್ಟವನು ನಾನೇ. ಗೌಸ್ ಒಂದು ಹಾಳೆ ಹಿಡಿದುಕೊಂಡು ಅಂಗಡಿಗೆ ಬಂದ.

“ಪುಟ್ಟಸ್ವಾಮಣ್ಣ, ಇದ್ರಲ್ಲಿ ಬೇಡ ಅಂತ ಎಲ್ಲಿ ಬರೀಲಿ?”

“ಸಂಬ್ಳ ಬತ್ತದಲ್ಲ, ಸುಮ್ನೆ ರುಜು ಆಕ್ಲಾ” ಅಂದೆ. ಆಪರೇಷನ್ನಿಗೆ ಇನ್ನೂ ಹಣ ಸಾಲದಾಗಿದ್ದ ದಿನಗಳವು. ಹಾಕಿದ. ನಾನು ಅವತ್ತು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಎರಡು ವರ್ಷಕ್ಕೆ ಕಂತುಗಳು ನಿಂತವು. ಇಲ್ಲದ ಹಸು ಹಾಲು ಕೊಡುವುದು ಎಲ್ಲಿಂದ? ಕಂಪನಿಯವರು ಬೋರ್ಡು ಕಳಚಿಕೊಂಡು ಹೋದರು, ರಘುನಂದನ್ ಇನ್ನೊಂದು ಕಂಪನಿ ಸೇರಿದರು. ಗೌಸ್ ಗೂಡ್ಸ್ ಆಟೋ ಓಡಿಸತೊಡಗಿದ. ಆಪರೇಷನ್ನಿನ ಹಣವೊಂದು ಭದ್ರವಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ. ಹೋದ ವರ್ಷ ಡಾಕ್ಟರು ತಾರೀಕು ಕೊಟ್ಟರು. ಹಣ ಬಿಡಿಸಲು ಹೊರಟವನ ಜೊತೆ ನಾನೂ ಹೋದೆ.

ಬ್ಯಾಂಕಿನ ಮುಂದೆ ಜನವೋ ಜನ. ಬ್ಯಾಂಕಿನವರು ಕೊಂಡಿದ್ದ ಸಾಲದ ಕಂತೆಗಳು ಮುಳುಗಿವೆಯಂತೆ. ಮೇಲಿನವರ ಆದೇಶ, ಒಬ್ಬರಿಗೆ ಹತ್ತೇ ಸಾವಿರ. ಉಳಿದದ್ದಕ್ಕೆ ವಿಮೆ ಇದೆ, ಬರುತ್ತದೆ ಎಂದರು. ಯಾವಾಗ ಎಂದರೆ ಗೋಡೆಯ ಮೇಲಿನ ನೋಟೀಸು ತೋರಿಸಿದರು. ಜನರ ಕೂಗಾಟಕ್ಕೆ ಗುಮಾಸ್ತೆ ಉಮ ಬೆಳಗಿನಿಂದ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ನಾನೂ ಕೂಗಿದೆ. ನೋಡದೆ ಕೇಳದೆ ಯಾರ ಸಾಲ ಕೊಂಡಿರಿ ಎಂದೆ. ಅವಳು ಒಂದು ಫೈಲು ತಂದು ನಮ್ಮ ಮುಂದೆ ಬಿಚ್ಚಿದಳು.

“ನಾವೇನ್ ಕಣ್ ಮುಚ್ಕೊಂಡ್ ತಗೊಂಡ್ವಾ ಸಾರ್? ನೋಡಿ, ಒಂದೊಂದ್ ಮನೆಗೂ ಓಗಿ ನೋಡಿ ರುಜು ಆಕವ್ರೆ.”

ಫೋಟೋದಲ್ಲಿ ಕಿವಿ ಹರಿದ ಹಸು. ಹಾಳೆ ತಿರುಗಿಸಿದರೆ ಇನ್ನೊಬ್ಬರ ಹಿತ್ತಲು, ಅದೇ ಹಸು. ಪ್ರತಿ ಹಾಳೆಯ ಕೆಳಗೂ ಗೌಸನ ರುಜು. ‘ಬೇಡ’ ಎಂದು ಬರೆದಿದ್ದ ಹಳೆಯ ಹಾಳೆ ಒಂದೂ ಇರಲಿಲ್ಲ. ಗೌಸ್ ಫೈಲು ಮುಚ್ಚಿ, ಟ್ವೈನು ದಾರ ಸರಿಯಾಗಿ ಕಟ್ಟಿ, ಆ ಹುಡುಗಿಯ ಕೈಗೆ ವಾಪಸು ಕೊಟ್ಟ. ಆ ರುಜು ನನ್ನದು ಎಂದು ಹೇಳಲಿಲ್ಲ.

ಹೊರಗೆ ಬಂದ ಮೇಲೆ ತನ್ನ ಆಟೋದ ಕಂಬಿ ಹಿಡಿದುಕೊಂಡು ನಿಂತ. “ನನ್ ರುಜು ನಂಬ್ಕೊಂಡು ನನ್ ದುಡ್ಡೇ ಕೊಟ್ಟವ್ರೆ ಕಣಣ್ಣ” ಅಂದ.

ಮನೆಯವರೆಗೂ ಅವನ ಜೊತೆ ಹೋದೆ. ಒಬ್ಬನನ್ನೇ ಬಿಡಲು ಭಯವಾಯಿತು. ಆಟೋ ಸದ್ದು ಕೇಳಿ ಮೇಲಿನಿಂದ ಅಸ್ಗರಿ ಬೇಗಂ, “ದುಡ್ಡು ಸಿಕ್ತಾ ಜೀ?” ಎಂದರು. ಗೌಸ್ ಮೂರನೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಆಕೆ ಇನ್ನೊಂದು ಸಲ ಕೇಳಿದರು. ಆಕೆಗೆ ಇಳಿದು ಬರಲು ಆಗುತ್ತಿರಲಿಲ್ಲ, ಇವನಿಗೆ ಹತ್ತಿ ಹೋಗಲು ಆಗಲಿಲ್ಲ.