ಚೈನಿನೊಳಗಿನ ಅರಿಶಿನದ ದಾರ

ಕೇಬಲ್ ಅಂದರೆ ಗೋಡೆಯೊಳಗೆ ಸುಮ್ಮನೆ ಮಲಗಿರುವ ವಸ್ತು ಅಂತ ನಾನೂ ತಿಳಿದಿದ್ದೆ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯ ಟೆಸ್ಟಿಂಗ್ ಕೋಣೆಗೆ ಕೆಲಸಕ್ಕೆ ಸೇರಿದ ಮೇಲೆ ಆ ಭ್ರಮೆ ಹೋಯಿತು. ಗೋಡೆಯೊಳಗಿನ ವೈರಿನದು ಪುಣ್ಯದ ಬದುಕು. ಪ್ಯಾಕಿಂಗ್ ಮೆಷಿನ್ನಿನ ಕೈ ದಿನವೆಲ್ಲ ಹಿಂದಕ್ಕೂ ಮುಂದಕ್ಕೂ ಓಡುತ್ತದಲ್ಲ, ಅದರ ಜೊತೆ ಓಡುವ ಕೇಬಲ್ಲಿನ ಪಾಡು ಮಾತ್ರ ಯಾರಿಗೂ ಬೇಡ. ಪ್ಲಾಸ್ಟಿಕ್ ಕೊಂಡಿಗಳ ಉದ್ದನೆಯ ಚೈನಿನೊಳಗೆ ಅದನ್ನು ಇಟ್ಟಿರುತ್ತಾರೆ. ಮೆಷಿನ್ ಓಡಿದಂತೆಲ್ಲ ಚೈನು ಮಡಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಒಳಗಿರುವ ಕೇಬಲ್ಲೂ ಅಷ್ಟೂ ಸಲ ಬಗ್ಗಿ ಏಳಬೇಕು. ಹೊರಗೆ ನೋಡಿದರೆ ಏನೂ ಆಗಿರುವುದಿಲ್ಲ, ಒಳಗೆ ತಾಮ್ರ ಮುರಿದಿರುತ್ತದೆ. "ಥೇಟ್ ನಮ್ಮ ಹೆಂಗಸರ ಸೊಂಟ" ಅಂತ ನಾನೊಮ್ಮೆ ಅಂದಾಗ ಕೋಣೆಯಲ್ಲಿದ್ದ ಗಂಡಸರು ನಗಬೇಕೋ ಬೇಡವೋ ಗೊತ್ತಾಗದೆ ಮುಖಮುಖ ನೋಡಿಕೊಂಡರು. ನನ್ನ ಬಾಯಿ ಸ್ವಲ್ಪ ಜೋರು.

ಇಂಥ ಬಗ್ಗುವ ಕೇಬಲ್ಲನ್ನು ನಾವೇ ಮಾಡಬೇಕು ಅಂತ ಹಟ ಹಿಡಿದವರು ನಮ್ಮ ಡಿಸೈನ್ ಇಂಜಿನಿಯರ್. ನಿವೃತ್ತಿಗೆ ಹತ್ತಿರವಾಗಿದ್ದ ಅವರನ್ನು ಎಲ್ಲರೂ ಕೇಬಲ್ ಸಾರ್ ಅಂತಲೇ ಕರೆಯುತ್ತಿದ್ದೆವು. ಮೊದಮೊದಲು ಮಾಡಿದ್ದೆಲ್ಲ ಮುರಿಯಿತು. ಗಟ್ಟಿಯಾಗಲಿ ಅಂತ ಇನ್ನಷ್ಟು ಬಿಗಿಯಾಗಿ ಹೊಸೆದರು, ಇನ್ನೂ ಬೇಗ ಮುರಿಯಿತು. ಬಗ್ಗುವ ವಸ್ತುವಿಗೆ ಗಟ್ಟಿತನಕ್ಕಿಂತ ಒಳಗೆ ಜಾರಾಡಲು ಜಾಗ ಮುಖ್ಯ ಅನ್ನುವುದು ಅವರಿಗೆ ನಿಧಾನವಾಗಿ ಅರ್ಥವಾಯಿತು. ಕೂದಲಿನಂಥ ತಾಮ್ರದ ಎಳೆಗಳನ್ನು ಸಣ್ಣ ಸಣ್ಣ ಕಟ್ಟು ಮಾಡಿ, ನಡುವೆ ಮೆತ್ತನೆಯ ನೂಲಿಟ್ಟು ಅದರ ಸುತ್ತ ಹೊಸೆದು, ಒಂದಕ್ಕೊಂದು ಉಜ್ಜದಿರಲಿ ಅಂತ ಪೌಡರ್ ಸವರಿ, ಎಣ್ಣೆಗೂ ಜಗ್ಗದ ಮೃದುವಾದ ಹೊದಿಕೆ ಹಾಕಿದರು. ಇಷ್ಟಕ್ಕೇ ವರ್ಷಗಳು ಹಿಡಿದವು.

ಅವರ ಇನ್ನೊಂದು ಉಪದೇಶ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು. ಚೈನಿನೊಳಗೆ ಕೇಬಲ್ಲನ್ನು ಎಲ್ಲೂ ಕಟ್ಟಕೂಡದು. ಗಿರಾಕಿಗಳ ಫಿಟ್ಟರುಗಳು ನೀಟಾಗಿ ಕಾಣಲಿ ಅಂತ ಅಲ್ಲಲ್ಲಿ ಪ್ಲಾಸ್ಟಿಕ್ ಟ್ಯಾಗ್ ಬಿಗಿದರೆ ಸಾರ್ ಕೆಂಡವಾಗುತ್ತಿದ್ದರು. "ಎರಡು ತುದೀಲಿ ಹಿಡೀರಿ, ಮಧ್ಯ ಬಿಟ್ಬಿಡ್ರೋ! ಅದಕ್ಕೆ ಓಡಾಡೋಕೆ ಜಾಗ ಬೇಕು ಕಣ್ರೋ!"

ಕೊನೆಗೆ ಒಂದು ಪ್ಯಾಕಿಂಗ್ ಮೆಷಿನ್ ಕಂಪನಿಯವರು ನಮ್ಮ ಕೇಬಲ್ಲನ್ನು ಪರೀಕ್ಷಿಸಲು ಒಪ್ಪಿದರು. ನಮ್ಮ ಓನರ್ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದರು: "ಇದೇ ಕೊನೆ. ಈ ಸಲ ಮುರಿದ್ರೆ ಇದರ ಸಹವಾಸ ಸಾಕು. ಮನೆ ವೈರಿಂಗ್ ಕೇಬಲ್ಲೇ ಮಾಡ್ಕೊಂಡಿರೋಣ." ಸಾರ್ ತಲೆಯಾಡಿಸಿದರು. ಅಂದಿನಿಂದ ಅವರ ಡಬ್ಬಿಯ ಊಟ ಅರ್ಧ ಹಾಗೇ ವಾಪಸು ಹೋಗುತ್ತಿತ್ತು.

ಟೆಸ್ಟ್ ಮೆಷಿನ್ ವಾರಗಟ್ಟಲೆ ಬಿಡುವಿಲ್ಲದೆ ಓಡಿತು. ನಿಂತದ್ದು ಆಯುಧ ಪೂಜೆಯ ರಜೆಗೆ ಮಾತ್ರ. ಆ ದಿನ ಮೆಷಿನ್ ಓಡಿಸುವುದುಂಟೇ? ಗಿರಾಕಿ ಕಂಪನಿಯ ಇಂಜಿನಿಯರನ್ನು ಕೇಳಿದರೆ ಅವನೂ, "ನಿಲ್ಸಿ ಸಾರ್, ಇವತ್ತು ಓಡ್ಸಿದ್ರೆ ನಮ್ಮಮ್ಮ ನನ್ನ ಮನೆಗೆ ಸೇರ್ಸಲ್ಲ" ಅಂದ. ನಮ್ಮಲ್ಲಿ ಅವತ್ತು ಮನೆಯವರನ್ನೆಲ್ಲ ಕರೆತರುವ ರೂಢಿ. ಮೆಷಿನ್ನುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಬಾಗಿಲಲ್ಲಿ ಬೂದುಗುಂಬಳ. ಎಲ್ಲರ ಕೈಯಲ್ಲೂ ಕಡ್ಲೆಪುರಿ ಪೊಟ್ಟಣ.

ಸಾರ್ ಹೆಂಡತಿಯೂ ಬಂದಿದ್ದರು, ನಾನು ಅಕ್ಕ ಅಂತ ಕರೆಯುವವರು. ರೇಷ್ಮೆ ಸೀರೆ, ಕೈಯಲ್ಲಿ ಪೂಜೆ ಬುಟ್ಟಿ. ನನ್ನ ಪಕ್ಕ ಕೂತು ಹೇಳಿದರು: "ಮನೇಲೂ ಇದೇ ಪುರಾಣ ಕಣಮ್ಮ. ತಟ್ಟೆಗೆ ಶಾವಿಗೆ ಹಾಕಿದ್ರೆ ಬೆರಳಿಗೆ ಸುತ್ತಿ ನೋಡ್ತಾರೆ. ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬಂದಾಗ್ಲೂ ಇಲ್ಲೇ ಇದ್ರು. ನಂಗೆ ಸವತಿ ಇದಾಳೆ, ರಬ್ಬರ್ ಸೀರೆ ಉಟ್ಕೊಂಡಿದಾಳೆ, ಅಷ್ಟೇ." ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಆದರೆ ಮಗಳ ಮಾತಾಡುವಾಗ ದನಿ ಒಣಗಿತ್ತು. ಆಮೇಲೆ, "ಯಾವ್ದಮ್ಮ ಇವರ ಕೇಬಲ್ಲು?" ಅಂದರು. ತೋರಿಸಿದೆ. ಚೈನಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತಿದ್ದರು. ಕುಂಕುಮ ಇಡುತ್ತಿದ್ದಾರೆ ಅಂದುಕೊಂಡು ನಾನು ಕಡ್ಲೆಪುರಿ ಹಂಚಲು ಹೋದೆ.

ರಜೆ ಮುಗಿದ ಮೇಲೆ ಹಾರ ತೆಗೆದು ಮೆಷಿನ್ ಶುರು ಮಾಡಿದೆವು. ಕೆಲವು ದಿನ ಕಳೆದು, ಪರೀಕ್ಷೆ ಮುಗಿಯುವ ಹೊತ್ತಿಗೆ, ಕೆಂಪು ದೀಪ ಹತ್ತಿತು. ಒಳಗೆ ತಾಮ್ರ ಮುರಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಸಾರ್ ಮುಖದಲ್ಲಿ ರಕ್ತವೇ ಇರಲಿಲ್ಲ. ಓನರ್, ಗಿರಾಕಿಯ ಇಂಜಿನಿಯರ್, ಸಾರ್, ನಾನು ಸುತ್ತ ನಿಂತು ಚೈನಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದೆವು.

ಒಂದು ಕೊಂಡಿಯೊಳಗೆ ಅರಿಶಿನದ ದಾರ. ಕೇಬಲ್ಲನ್ನೂ ಚೈನಿನ ಅಡ್ಡಪಟ್ಟಿಯನ್ನೂ ಸೇರಿಸಿ ಸುತ್ತಿ ಸುತ್ತಿ ಬಿಗಿದು, ನಡುವೆ ಅರಿಶಿನದ ಕೊಂಬು ಸಿಕ್ಕಿಸಿದ್ದರು. ಹೂವಿನ ಜೊತೆ ಕಿತ್ತು ಹೋಗದಿರಲಿ ಅಂತ ಆಳಕ್ಕೆ ತಳ್ಳಿದ್ದರು. ಕೇಬಲ್ ಜಾರಲಾಗದೆ ಸರಿಯಾಗಿ ಅಲ್ಲೇ ಸೊಟ್ಟಗಾಗಿತ್ತು, ಅಲ್ಲೇ ಮುರಿದಿತ್ತು.

ಯಾರ ಕೆಲಸ ಅಂತ ನನಗೆ ತಟ್ಟನೆ ಹೊಳೆಯಿತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಾರ್ ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಪ್ರತಿ ವರ್ಷ ಅವರ ಮನೆಯ ಕಲಶಕ್ಕೆ ಬೀಳುವ ಗಂಟು, ಅವರಿಗೆ ಗುರುತು ಸಿಗದೇ ಇರುತ್ತದೆಯೇ?

"ನಾನೇ ಕಟ್ಟಿದ್ದು" ಅಂದರು.

"ಏನ್ರೀ, ನೀವಾ?" ಓನರ್ ಕಣ್ಣರಳಿಸಿದರು.

"ಹೂಂ. ಹೆದರಿಕೆ ಆಯ್ತು ಸಾರ್. ಕಾಪಾಡ್ಲಿ ಅಂತ ಕಟ್ಟಿದೆ."

ಗಿರಾಕಿಯ ಇಂಜಿನಿಯರ್ ಗೊಳ್ಳೆಂದು ನಕ್ಕುಬಿಟ್ಟ. "ನಮ್ಮ ಫಿಟ್ಟರ್‌ಗಳಿಗೆ ಕಟ್ಬೇಡ್ರೋ ಅಂತ ಕ್ಲಾಸ್ ತಗೊಂಡೋರು ನೀವೇ ಅಲ್ವಾ ಸಾರ್?" ಸಾರ್ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತರು. ಹೊಸ ತುಂಡು ಹಾಕಿ ಇನ್ನೊಮ್ಮೆ ಪರೀಕ್ಷೆ ಮಾಡಲು ಅವನು ಒಪ್ಪಿದ, ಪುಣ್ಯಾತ್ಮ. ಆದರೆ ಸಾರ್ ಟೆಸ್ಟಿಂಗ್ ಕೋಣೆಗೆ ಕಾಲಿಡಬಾರದು ಅಂತ ಷರತ್ತು. ಓನರ್ ಹೂಂ ಅಂದೇಬಿಟ್ಟರು.

ಹೊರಗೆ ಸಾರನ್ನು ಹಿಡಿದು ನಿಲ್ಲಿಸಿದೆ. "ಯಾಕ್ ಸಾರ್ ಸುಳ್ಳು ಹೇಳಿದ್ರಿ? ಅಕ್ಕ ಪ್ರೀತಿಯಿಂದ ಕಟ್ಟಿದ್ದು. ಹಾಗಂದಿದ್ರೆ ಯಾರಾದ್ರೂ ನೇಣಿಗೆ ಹಾಕ್ತಿದ್ರಾ?"

"ನಗ್ತಿದ್ರು ಕಣಮ್ಮ. ನನ್ನ ನೋಡಿ ನಗ್ಲಿ. ಅವಳ ಮಾತು ಇವರ ಬಾಯಿಗೆ ಬೀಳೋದು ಬೇಡ."

ಎರಡನೆಯ ಪರೀಕ್ಷೆ ಅವರಿಲ್ಲದೆ ನಡೆಯಿತು. ದಿನಾ ಬಾಗಿಲ ಆಚೆ ನಿಂತು ಹುಬ್ಬೇರಿಸುತ್ತಿದ್ದರು, ನಾನು ಒಳಗಿನಿಂದ ತಲೆಯಾಡಿಸುತ್ತಿದ್ದೆ. ಕೇಬಲ್ ಮುರಿಯಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಬಗ್ಗಿತು. ಒಪ್ಪಿಗೆ ಸಿಕ್ಕಿದ ದಿನ ಸಾರ್ ಬೇಗ ಮನೆಗೆ ಹೋಗಿದ್ದರು, ಫೋನೂ ಎತ್ತಲಿಲ್ಲ. ಮಾರೇನಹಳ್ಳಿಯ ನನ್ನ ಮನೆಗೆ ಹೋಗುವ ಮುಂಚೆ ಮೈಸೂರ್‌ಪಾಕ್ ಡಬ್ಬ ಹಿಡಿದು ಅತ್ತಿಗುಪ್ಪೆಯ ಅವರ ಮನೆಗೆ ಹೋದೆ.

ಸಾರ್ ಹಾಲು ತರಲು ಹೋಗಿದ್ದರು. ಅಕ್ಕ ಒಬ್ಬರೇ ಇದ್ದರು. ಸುದ್ದಿ ಹೇಳಿದಾಗ ಕಣ್ಣು ಮುಚ್ಚಿ ಕೈ ಮುಗಿದರು. ಖುಷಿಯಾಗಲಿ ಅಂತ ನಾನು, "ನಿಮ್ಮ ಪೂಜೆ ಫಲ ಕೊಡ್ತು ಅಕ್ಕ" ಅಂದೆ.

"ಸುಮ್ನಿರಮ್ಮ. ಮೊದಲನೇದು ಮುರಿದಿದ್ದೇ ನನ್ನ ದಾರದಿಂದ ಅಂತ ಗೊತ್ತಿಲ್ವಾ ನಂಗೆ?"

ಕೈಯಲ್ಲಿದ್ದ ಡಬ್ಬ ಕೆಳಗಿಟ್ಟೆ.

"ಇವರ ಊಟದ ಚೀಲದಲ್ಲಿ ಆ ಮುರಿದ ಕೇಬಲ್ ತುಂಡು ಇತ್ತು. ಅರಿಶಿನ ಇನ್ನೂ ಅಂಟ್ಕೊಂಡಿತ್ತು. ಇವರು ತುಟಿ ಪಿಟಕ್ ಅನ್ಲಿಲ್ಲ. ಆಮೇಲೆ ನಿಮ್ಮ ಕಾರ್ಖಾನೆ ಡ್ರೈವರ್ ಬಂದಾಗ ಹೇಳ್ದ, ಸಾರೇ ದಾರ ಕಟ್ಟಿದ್ರಂತೆ, ಎಲ್ರೂ ನಗ್ತಿದಾರೆ ಅಂತ. ಅವತ್ತೆಲ್ಲ ಅತ್ತೆ ಕಣಮ್ಮ."

"ಮತ್ತೆ ಅವರನ್ನ ಕೇಳ್ಲಿಲ್ವಾ ಅಕ್ಕ?"

ಸೆರಗಿನಿಂದ ಮೂಗು ಒರೆಸಿಕೊಂಡರು. "ಇಷ್ಟು ವರ್ಷ, ಆ ಕೇಬಲ್ಲಾ ನಾನಾ ಅಂತ ಬಂದಾಗೆಲ್ಲ ಅವರು ಅದರ ಕಡೆಗೇ ಹೋದ್ರು. ಇದೊಂದು ಸಲ ಅದನ್ನ ಬಿಟ್ಟು ನನ್ನ ಕಡೆ ನಿಂತ್ರು. ಕೇಳಿದ್ರೆ, ಹಾಗೇನಿಲ್ಲ ಅಂದ್ಬಿಡ್ತಾರೆ. ಆ ಮಾತು ಕೇಳೋಕೆ ನಂಗಿಷ್ಟ ಇಲ್ಲ."

ಗೇಟಿನ ಸದ್ದಾಯಿತು. ಸಾರ್ ಹಾಲಿನ ಪ್ಯಾಕೆಟ್ ಹಿಡಿದು ಒಳಗೆ ಬಂದರು. "ಪಾಸಾಯ್ತು ಸಾರ್" ಅಂದೆ. ಅವರು ನನ್ನ ಕಡೆ ನೋಡಲಿಲ್ಲ. "ಕೇಳಿದ್ಯೇನೇ? ಪಾಸಾಯ್ತಂತೆ" ಅಂತ ಹೆಂಡತಿಗೆ ಹೇಳಿದರು.

"ಕೇಳ್ದೆ. ಕೊಡಿ ಇಲ್ಲಿ, ಕಾಫಿ ಮಾಡ್ತೀನಿ" ಅಂತ ಅಕ್ಕ ಹಾಲು ತೆಗೆದುಕೊಂಡು ಅಡುಗೆಮನೆಗೆ ಹೋದರು. ಕೇಬಲ್ ಎಷ್ಟು ಸಲ ಬಗ್ಗಿತು, ಹೊದಿಕೆ ಹೇಗಿದೆ, ಬಿಸಿಯಾಗಿತ್ತಾ ಅಂತ ಸಾರ್ ನನ್ನ ಪ್ರಾಣ ತಿನ್ನುತ್ತಾರೆ ಅಂತ ಕಾದೆ. ಒಂದನ್ನೂ ಕೇಳದೆ ಅಕ್ಕನ ಹಿಂದೆಯೇ ಅಡುಗೆಮನೆಗೆ ಹೋದರು.