ಅವನು ಒತ್ತಿದ ನಾಲ್ಕು ಅಕ್ಷರ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿದ್ದೆ. ಪಕ್ಕದ ಮೇಜಿನ ಗೆಳೆಯನ ಕೆಲಸ ಯಂತ್ರಗಳ ನಕ್ಷೆಯಲ್ಲಿ ತಪ್ಪು ಹುಡುಕುವುದು. ಒಂದು ಬೆಳಿಗ್ಗೆ ಲೋಕಲ್ ರೈಲಿನಿಂದ ಬಿದ್ದು ಅವನ ಸೊಂಟ ಮುರಿಯಿತು, ತಲೆಗೂ ಪೆಟ್ಟಾಯಿತು. ಸೊಂಟ ನಿಧಾನವಾಗಿ ಕೂಡಿಕೊಳ್ಳತೊಡಗಿತು. ತಲೆಯ ಬಗ್ಗೆ ಡಾಕ್ಟರು ‘ನೋಡೋಣ’ ಎಂದಿದ್ದರು. ಆ ಮಾತು ಅವನನ್ನು ಹಿಡಿದುಕೊಂಡಿತು.

“ನಕ್ಷೇಲಿ ನಾನೊಂದು ಸೊನ್ನೆ ಬಿಟ್ರೆ ಯಾರದೋ ಕೈ ಹೋಗತ್ತೆ ಕಣೋ. ನಿನ್ನ ಜೊತೆ ಆರು ಭಾನುವಾರ ಚೆಸ್ ಆಡ್ತೀನಿ. ತಲೆ ನೆಟ್ಟಗಿದ್ರೆ ಡ್ಯೂಟಿಗೆ ಬರ್ತೀನಿ. ಇಲ್ದಿದ್ರೆ ಇಲ್ಲ,” ಎಂದ.

ನಾನು ಹೋಗಿ ಎದುರು ಕೂತು ಆಡಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ನನಗೆ ಕಂಪ್ಯೂಟರ್ ಕೋಣೆಯ ಡ್ಯೂಟಿ. ಜೊತೆಗೆ, ಫೋನಿನ ತಂತಿಯಲ್ಲಿ ಕಂಪ್ಯೂಟರುಗಳನ್ನು ಮಾತಾಡಿಸುವ ಮೋಡೆಮ್‌ನ ಹುಚ್ಚು. ಕಾರ್ಖಾನೆ ಕೈಬಿಟ್ಟಿದ್ದ, ಬರೀ ಪರದೆ ಮತ್ತು ಕೀಬೋರ್ಡ್ ಇದ್ದ ಒಂದು ಟರ್ಮಿನಲ್ಲನ್ನು ಕೇಳಿ ಪಡೆದು, ಮಾಟುಂಗದ ಅವನ ಮನೆಯ ಫೋನಿಗೆ ಮೋಡೆಮ್‌ನಿಂದ ಜೋಡಿಸಿದೆ. ಅವನು ಒಂದು ನಡೆಗೆ ನಾಲ್ಕು ಕೀ ಒತ್ತಬೇಕು: ಕಾಯಿ ಇರುವ ಮನೆಗೆ ಎರಡು, ಹೋಗಬೇಕಾದ ಮನೆಗೆ ಎರಡು. ಅವು ಫೋನಿನ ತಂತಿಯಲ್ಲಿ ನನ್ನ ಯಂತ್ರಕ್ಕೆ ಬರುತ್ತವೆ. ನನ್ನ ಪ್ರೋಗ್ರಾಮು ಹಲಗೆಯ ಚಿತ್ರ ಬರೆದು ಅವನ ಪರದೆಗೆ ಕಳಿಸುತ್ತದೆ. ಅವನ ಕಡೆ ಏನೂ ದಾಖಲಾಗುವುದಿಲ್ಲ.

ತೊಂದರೆ ಇದ್ದದ್ದು ತಂತಿಯಲ್ಲಿ. ವರ್ಷಗಟ್ಟಲೆ ಕಾದು ಯಾರ ಮನೆಗೆ ಮೊದಲು ಫೋನು ಬಂತೋ ಅವರು ಪಕ್ಕದವರಿಗೆ ಕಿಟಕಿಯಿಂದ ಒಂದು ತಂತಿ ಕೊಡುವುದು ಆ ಬಿಲ್ಡಿಂಗಿನ ರೂಢಿ. ಹಾಗೆ ಪಕ್ಕದ ಮನೆಯ ಉಡುಪಿಯ ಹೋಟೆಲ್ ಮ್ಯಾನೇಜರ ಬಳಿ ಇದೇ ಲೈನಿನ ಇನ್ನೊಂದು ಫೋನಿತ್ತು. ಅವರು ಎತ್ತಿದರೆ ಅಕ್ಷರ ಕೆಡುತ್ತಿತ್ತು.

“ಎಂಥದು ಮಾರಾಯ್ರೆ ನಿಮ್ಮ ಫೋನು? ಕಿವಿಗೇ ಒಗ್ಗರಣೆ ಹಾಕಿದ ಹಾಗೆ ಆಗ್ತದೆ!” ಎಂದು ಅವರು ಬಾಗಿಲಿಗೆ ಬಂದದ್ದನ್ನು ಗೆಳೆಯನ ಹೆಂಡತಿ ನಗುತ್ತ ಹೇಳಿದರು.

ಮೊದಲ ಭಾನುವಾರ ಪ್ರೋಗ್ರಾಮು ಮತ್ತೆಮತ್ತೆ ‘ತಪ್ಪು ನಡೆ’ ಎಂದಿತು. ಆಟ ಮುಗಿದ ಮೇಲೆ ಫೋನಿನಲ್ಲಿ ಅವನ ಧ್ವನಿ ಇಳಿದಿತ್ತು. “ನಾಲ್ಕು ಕೀ ಒತ್ತೋಕೂ ಬರಲ್ವೇನೋ ನಂಗೆ?”

ಲೈನ್ ಖರಾಬು ಎಂದೆ. ಅವನು ಹ್ಞೂಂ ಎಂದ. ಅವನಿಗೆ ಇನ್ನು ನೋವಾಗಬಾರದೆಂದು ಆ ವಾರ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿದೆ: ಆಡಲಾಗದ ನಡೆ ಬಂದರೆ ತಪ್ಪು ಎನ್ನಬೇಡ, ಅದಕ್ಕೆ ತೀರ ಹತ್ತಿರದ ನಡೆಯನ್ನು ಆಡಿಬಿಡು. ಇದನ್ನು ಅವನಿಗೆ ಹೇಳಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಅವನ ಪರದೆಯಲ್ಲಿ ರಾಣಿ ಅವನು ಬಯಸಿದ ಮನೆಯ ಪಕ್ಕದ ಮನೆಯಲ್ಲಿ ಕೂರತೊಡಗಿತು. ತಾನೇ ತಪ್ಪು ಒತ್ತಿದೆ ಎಂದು ಅವನು ತಿಳಿದ, ನನಗೆ ಹೇಳಲಿಲ್ಲ. ನಾನು ಆ ರಾಣಿಯನ್ನು ಹೊಡೆದೆ. ತಲೆಯ ಪೆಟ್ಟೇ ಇರಬೇಕು ಎಂದು ನಾನೂ ನಂಬಿದೆ. ನನ್ನ ಕೈಯಾರೆ ಬದಲಿಸಿದ ಸಾಲು ಒಮ್ಮೆಯೂ ನೆನಪಾಗಲಿಲ್ಲ.

ಐದನೆಯ ಆಟ ಸೋತ ಮೇಲೆ, “ಆರನೇದು ಬೇಡ ಬಿಡು,” ಎಂದ.

ಮರುದಿನ ಟರ್ಮಿನಲ್ ವಾಪಸು ತರುವ ಮುನ್ನ, ಅವನ ಕಡೆಯಿಂದ ಬಂದು ನನ್ನ ಯಂತ್ರದಲ್ಲಿ ಉಳಿದಿದ್ದ ಅಕ್ಷರಗಳನ್ನೆಲ್ಲ ಪ್ರಿಂಟ್ ತೆಗೆದು ನೋಡಿದೆ. ಯಾವ ಚೆಸ್ ಹಲಗೆಯಲ್ಲೂ ಇಲ್ಲದ ಅಕ್ಷರಗಳು ನಡುನಡುವೆ ಇದ್ದವು. ಕಾಗದ ಹಿಡಿದು ಮಾಟುಂಗಕ್ಕೆ ಓಡಿದೆ. ನಾನು ಮಾಡಿದ್ದನ್ನು ಹೇಳಿದೆ. ಅವನು ಪೆನ್ಸಿಲ್ ತರಿಸಿ, ಮಲಗಿದಲ್ಲೇ, ಮೊದಲ ಸಾಲಿನಿಂದ ಕೊನೆಯವರೆಗೆ ಓದಿದ.

“ಇದು ನಿಂಗೆ ಬಂದದ್ದು. ನಾನು ಒತ್ತಿದ್ದೆಲ್ಲಿ?”

“ಅದು ಎಲ್ಲೂ ಉಳಿಯಲ್ಲ.”

“ಹಾಗಾದ್ರೆ ಕೆಟ್ಟಿದ್ದು ಲೈನೋ, ನನ್ನ ಬೆರಳೋ?”

“ಇಷ್ಟು ಸರಿಯಾಗಿ ಕೇಳೋ ತಲೆ ಕೆಟ್ಟಿರತ್ತೇನೋ? ಹಲಗೆ ತರ್ತೀನಿ, ಈಗಲೇ ಆಡೋಣ.”

“ಎದುರು ಕೂತ್ರೆ ಬೇಕಂತಲೇ ಸೋಲ್ತೀಯ,” ಎಂದ. ಆಮೇಲೆ, “ನಿಜ ಹೇಳು. ಇಷ್ಟು ವಾರ ನೀನೂ ನಂಬಿದ್ದೆ ತಾನೆ?”

ಇಲ್ಲ ಎನ್ನಲು ನನಗೆ ತಡವಾಯಿತು. ಅವನು ಕಾಗದ ಮಡಚಿ ಕೊಟ್ಟ.

ಅದೇ ವಾರ ಅವನ ಹೆಂಡತಿ ರಾಜೀನಾಮೆ ಪತ್ರ ತಂದುಕೊಟ್ಟರು. ಅಕ್ಷರ ಅವರದು, ಮಾತು ಅವನದು. “ಒಂದೊಂದು ಸಾಲೂ ಮೂರು ಮೂರು ಸಲ ಓದಿಸಿದ್ರು. ತಪ್ಪಿದ್ರೆ ನೀವು ತಿದ್ದಬೇಕಂತೆ,” ಎಂದರು.

ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಆಫೀಸಿಗೆ ಕೊಟ್ಟೆ.