ಬಿಸಿ ತಾಗದ ಕೈಗೊಂದು ಬಾಡಿಗೆ ಕೋಣೆ

ಕಾಗಾಲದ ಹೊಳೆಯಲ್ಲಿ ನೀರಿಳಿದಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಕಮಲಿ ಆಗಲೇ ಸೊಂಟದವರೆಗೆ ನೀರಿನಲ್ಲಿದ್ದಾರೆ. ಕಾಲಿನಿಂದ ಕೆಸರು ತಡಕಿ, ಬಗ್ಗಿ, ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಚಿಪ್ಪಿನೊಳಗೆ ಮಾಂಸವಿದೆಯೋ ಬರೀ ಕೆಸರೋ ಎಂದು ಉಳಿದ ಹೆಂಗಸರು ಬೆರಳಲ್ಲೇ ಅಂದಾಜು ಮಾಡಿದರೆ, ಕಮಲಿ ಎರಡು ಚಿಪ್ಪುಗಳನ್ನು ಒಂದಕ್ಕೊಂದು ತಟ್ಟಿ ಸದ್ದು ಕೇಳುತ್ತಾರೆ. ಕೆಸರು ತುಂಬಿದ್ದರೆ ಸದ್ದು ಮಂದ. ಕಮಲಿಯ ಬೆರಳಿಗೆ ಏನೂ ತಿಳಿಯುವುದಿಲ್ಲ.

ಇವತ್ತು ಅವರ ಮನಸ್ಸು ಬುಟ್ಟಿಯ ಮೇಲಿಲ್ಲ. ಭಾನುವಾರದೊಳಗೆ ಕುಮಟಾದ ಬಾಡಿಗೆ ಕೋಣೆ ಖಾಲಿ ಮಾಡಬೇಕು. ಬೇರೆ ಮನೆ ಇನ್ನೂ ಸಿಕ್ಕಿಲ್ಲ.

ಹರೆಯದಲ್ಲಿ ಅವರಿಗೆ ಕುಷ್ಠ ಬಂದಿತ್ತು. ಮಾತ್ರೆ ನುಂಗಿ ಪೂರ್ತಿ ಗುಣವಾಯಿತು, ಕೈಯ ಸ್ಪರ್ಶ ಮಾತ್ರ ಹೋದದ್ದು ಹೋಯಿತು. ಮೊದಲು ಭಟ್ಕಳದ ಹೆಬಳೆ, ಆಮೇಲೆ ಹೊನ್ನಾವರ, ಈಗ ಕುಮಟಾ. ಎಲ್ಲಿ ಗುಟ್ಟು ರಟ್ಟಾಯಿತೋ ಅಲ್ಲಿಂದ ಗಂಟುಮೂಟೆ ಕಟ್ಟಿದ್ದಾರೆ. ಈ ಸಲ ಗುಟ್ಟು ಬಿಟ್ಟುಕೊಟ್ಟದ್ದು ಅವರದೇ ಕೈ. ಒಲೆಯ ಮೇಲೆ ಬಳಚು ಕುದಿಯುತ್ತಿದ್ದ ಪಾತ್ರೆಯನ್ನು ಬಟ್ಟೆ ಹಿಡಿಯದೆ, ಮಾತಾಡುತ್ತಲೇ ಇಳಿಸಿಬಿಟ್ಟರು. ಎದುರಿಗೆ ಮನೆಯೊಡತಿ ಸುಚಿತಾ ನಿಂತಿದ್ದರು.

“‘ಎಂತ ಕಮಲಿ, ಕೈ ಸುಡೂದಿಲ್ವಾ?’ ಕೇಳ್ದ್ರು. ನಂಗೆ ಆಗ ಸುಳ್ಳೇ ಹೊಳೀಲಿಲ್ಲ” ಎನ್ನುತ್ತಾರೆ ಕಮಲಿ. ಅಂಗೈಯಲ್ಲಿ ಬೊಬ್ಬೆ ಇನ್ನೂ ಮಾಗಿಲ್ಲ.

ಗುಣವಾದವರಿಂದ ಈ ರೋಗ ಯಾರಿಗೂ ಹರಡುವುದಿಲ್ಲ. ಇಷ್ಟು ತಿಳಿಯಲು ನಮಗೆ ಇನ್ನೂ ಎಷ್ಟು ಕಾಲ ಬೇಕೋ, ಸಿಟ್ಟು ಬರುತ್ತದೆ.

ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ವಿಶಾಲ ದಂಡೆಗೇ ಬಂದು ಹೇಳುತ್ತಾರೆ: “ಕುಷ್ಠ ಗುಣ ಆದ್ರೂ ಕೈಗೆ ಸ್ಪರ್ಶ ಇಲ್ದಿದ್ರೆ ಅಂಗವಿಕಲರ ಕಾಯ್ದೇಲಿ ನಿಂಗೂ ಜಾಗ ಇದೆ ಅಕ್ಕ. ಅಂಗವಿಕಲರ ಕಾರ್ಡ್ ಮಾಡ್ಸು, ಮನೆ ಬಿಡು ಅಂದದ್ದಕ್ಕೆ ದೂರು ಕೊಡ್ವ.”

“ಕೈಕಾಲು ಗಟ್ಟಿ ಇದ್ದ ನಾನು ಎಂತಾ ಅಂಗವಿಕಲೆ?” ಎಂದು ಕಮಲಿ ನಗುತ್ತಾರೆ. ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. “ಕಾರ್ಡಿಗೆ ಕಾಯಿಲೆ ಹೆಸ್ರು ಹೇಳ್ಬೇಕು. ಆ ಹೆಸ್ರು ಕೇಳಿದ್ ಮೇಲೆ ಯಾರು ಮನೆ ಕೊಡ್ತ್ರು ವಿಶಾಲಾ?”

ಕಮಲಿ ಬುಟ್ಟಿ ಹೊತ್ತು ಹೊರಡುತ್ತಾರೆ. ಒಂದು ಮನೆಯಲ್ಲಿ ಬಳಚು ಅಳೆದು ಕೊಟ್ಟು “ಕೋಣೆ ಖಾಲಿ ಉಂಟಾ?” ಎಂದು ಕೇಳುತ್ತಾರೆ, ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ, ಉತ್ತರ ಮುಗಿಯುವ ಮೊದಲೇ ಮುಂದಿನ ಗೇಟಿನತ್ತ ನಡೆಯುತ್ತಾರೆ. ಕೂತು ಚಾ ಕುಡಿಯಿರಿ ಎಂದರೂ ಕೂರುವುದಿಲ್ಲ.

ಪತ್ರಿಕೆಯಲ್ಲಿ ಹೆಸರು ಬದಲಿಸಿ ಹಾಕೋಣವೇ ಎಂದು ನಾವು ಕೇಳಿದಾಗ ಮಾತ್ರ ನಿಲ್ಲುತ್ತಾರೆ. ಬುಟ್ಟಿ ಕೆಳಗಿಡುತ್ತಾರೆ.

“ಬೇಡ. ನನ್ ಹೆಸ್ರೇ ಹಾಕಿ. ಕುಷ್ಠ ಇತ್ತು, ಹೋಯ್ತು ಅಂತ್ಲೂ ಬರೀರಿ. ಓದ್ಕಂಡೂ ಒಂದು ಕೋಣೆ ಕೊಡೋರು ಇದ್ರೆ, ಆ ಮನೇಲಿ ನಾ ಕೈ ಮುಚ್ಕಳ್ದೇ ಇರ್ಬಹುದು.”